ಅತ್ತೆಯ ಒಂದೇ ಇಂಗ್ಲಿಷ್ ಮಾತು

ಕಬ್ಬಾಳಿನಲ್ಲಿ ಮೂಳೆ ಕಟ್ಟುತ್ತಿದ್ದ ನಮ್ಮ ಸೋದರತ್ತೆಗೆ ಬರುತ್ತಿದ್ದುದು ಒಂದೇ ಇಂಗ್ಲಿಷ್ ಮಾತು: ಫ್ರಾಕ್ಚರ್. ಕಾನಕಾನಹಳ್ಳಿಯ ಡಾಕ್ಟರ ಬಾಯಿಂದ ಕಲಿತದ್ದು. ಏಟು ಬಿದ್ದ ಜಾಗವನ್ನು ಕಣ್ಣು ಮುಚ್ಚಿ ಬೆರಳಲ್ಲಿ ಸವರುವಳು. ಮೂಳೆ ಮುರಿದಿದ್ದರೆ ಮಾತ್ರ ಆ ಮಾತು ಹೊರಬೀಳುತ್ತಿತ್ತು. ಉಳುಕಿಗೆ ಯಾರಾದರೂ ಹಾಗೆಂದರೆ ರೇಗುವಳು: "ಬೆರಳು ಹೇಳ್ದೆ ಬಾಯಿ ಹೇಳ್ಬಾರ್ದು ಕಣ್ಲಾ."

ಒಮ್ಮೆ ಬದುವಿನ ಜಗಳದಲ್ಲಿ ನಮ್ಮಪ್ಪನ ಕೈಗೆ ದೊಣ್ಣೆಯೇಟು ಬಿತ್ತು. ಮೂಳೆ ಮುರಿದಿದ್ದರೆ ಹೊಡೆದವನಿಗೆ ಜೈಲು. ಇಲ್ಲವಾದರೆ ಬರೀ ಜುಲ್ಮಾನೆ. ಅತ್ತೆ ಕೈ ಸವರಿ, ಬರೀ ಉಳುಕು ಎಂದಳು.

"ಫ್ರಾಕ್ಚರ್ ಅಂತ ಒಂದ್ಮಾತು ಹೇಳ್ಬುಡಕ್ಕಾ," ಎಂದು ಅಪ್ಪ ಗೋಗರೆದರು.

ಅತ್ತೆ ಸಾಕ್ಷಿಗೆ ಬಂದಳು. ಕೋರ್ಟಿನಲ್ಲಿ ಎಲ್ಲರೆದುರೇ ಕಣ್ಣು ಮುಚ್ಚಿ, ಅಪ್ಪನ ಕೈಯನ್ನು ಮತ್ತೊಮ್ಮೆ ಸವರಿದಳು.

"ಫ್ರಾಕ್ಚರ್ ಅಲ್ಲ ಸ್ವಾಮಿ. ಒಸಿ ಉಳುಕೈತೆ, ಊದೈತೆ. ನನ್ ತಮ್ಮನ ಕೈ ಅಂತ ಮೂಳೆ ಮುರಿದೈತೆ ಅನ್ನಕಾಯ್ತದಾ?"

ಆ ದನಿ ನೆನೆದರೆ ಈಗಲೂ ನನ್ನ ಎದೆಯುಬ್ಬುತ್ತದೆ. ಅಪ್ಪ ಮಾತ್ರ ಅವಳೊಡನೆ ಮಾತು ಬಿಟ್ಟರು.

ಮರುವರ್ಷ ಎತ್ತು ಒದ್ದು ನಾನು ಬಿದ್ದೆ. ಅಪ್ಪ ನನ್ನನ್ನು ಹೊತ್ತು ಓಡಿದ್ದು ಅತ್ತೆಯ ಮನೆಗೇ. ಅವಳು ಕಣ್ಣು ಮುಚ್ಚಿ ನನ್ನ ಕಾಲು ಸವರಿ, "ಫ್ರಾಕ್ಚರ್" ಎಂದಳು.

ಅಪ್ಪ ಒಂದು ಪ್ರಶ್ನೆಯನ್ನೂ ಕೇಳದೆ, ಕಟ್ಟು ಹಾಕಲು ಬಿದಿರು ಸೀಳುತ್ತ ಕೂತರು.