ಚುರ್ ಎನ್ನದ ಮೇಣ

ನೀಲವ್ವ ಅತ್ತೆಯ ಬಲಗೈ ಹೆಬ್ಬೆರಳಿನ ಉಗುರಿಗೆ ನಾವು ಮಕ್ಕಳೆಲ್ಲ ಅಂಜುತ್ತಿದ್ದೆವು. ಅಪ್ಪನ ಅಕ್ಕ ಅವಳು. ಅವಳನ್ನು ಕೊಟ್ಟದ್ದು ಇಂಡಿ ಹತ್ತಿರದ ಹಳ್ಳಿಯೊಂದರ ಲಿಂಬೆ ತೋಟದವರ ಮನೆಗೆ, ನಾವಿದ್ದದ್ದು ಸಿಂದಗಿಯಲ್ಲಿ. ದೀಪಾವಳಿ ಮುಗಿದು ಒಣ ಚಳಿಗಾಳಿ ಶುರುವಾಯಿತೆಂದರೆ ಅತ್ತೆ ಬಸ್ಸಿಳಿದಳೆಂದೇ ಲೆಕ್ಕ. ಚೀಲ ಇಳಿಸುವ ಮೊದಲೇ ಕೈಗೆ ಸಿಕ್ಕವರನ್ನು ಹಿಡಿದು ಮೊಣಕಾಲ ಕೆಳಗೆ ಉಗುರಿನಿಂದ ಒಂದು ಗೀರು ಎಳೆಯುತ್ತಿದ್ದಳು. ಬೂದಿ ಬಣ್ಣದ ಗೆರೆ ಮೂಡಿತೋ, ಅವರ ಕತೆ ಮುಗಿಯಿತು. ಬಚ್ಚಲಿಗೆ ನಡೆ, ಕಡ್ಲಿಹಿಟ್ಟು ಹಚ್ಚಿಕೋ, ಮೈಯ ಹಸಿ ಆರುವ ಮೊದಲೇ ಕುಸುಬಿ ಎಣ್ಣೆ. ಎಣ್ಣೆ ತಿಕ್ಕುವುದೆಂದರೆ ಅವಳಿಗೆ ಎಮ್ಮೆ ತೊಳೆದ ಹಾಗೆ. ನನ್ನ ತಮ್ಮ ಒಮ್ಮೆ ಅಟ್ಟ ಹತ್ತಿ ಕುಳಿತಿದ್ದ. ಅತ್ತೆ ಕೆಳಗೆ ನಿಂತು, ನೀ ಇಳಿಯುವ ತನಕ ನಾ ಊರಿಗೆ ಹೋಗೂದಿಲ್ಲ ಅಂದಳು. ಅವನು ಅಳುತ್ತಲೇ ಇಳಿದ.

ಪ್ರತಿ ಕಾಲಕ್ಕೂ ಅವಳದೊಂದು ಕಾಯಿದೆ ಇತ್ತು. ಬೇಸಿಗೆಯಲ್ಲಿ ತಲೆಗೆ ಸೆರಗಿಲ್ಲದೆ ಹೊರಬಿದ್ದರೆ ಬೈಗುಳ. ಮಜ್ಜಿಗೆ ಬೇಡ ಅಂದರೆ ಇನ್ನೊಂದು ಬೈಗುಳ. ಮಳೆಗಾಲದಲ್ಲಿ ಕೆಸರು ತುಳಿದು ಬಂದವರು ಬೆರಳ ಸಂದಿಯನ್ನು ಬಟ್ಟೆಯಿಂದ ಒರೆಸಿಕೊಳ್ಳಲೇಬೇಕು. ಅಲ್ಲಿ ಮಾತ್ರ ಎಣ್ಣೆ ಮುಟ್ಟಿಸುವಂತಿಲ್ಲ. ಚಳಿಗಾಲದಲ್ಲಿ ಕುದಿಯುವ ನೀರು ಮೈಮೇಲೆ ಹಾಕಿಕೊಳ್ಳುವವರನ್ನು ಕಂಡರೆ ಅವಳಿಗೆ ಸಿಟ್ಟು. “ಕೋಳಿ ಪುಕ್ಕಾ ಕೀಳೂ ನೀರು ಮೈಗೆ ಹಾಕ್ಕೊಂಡ್ರ ಚರ್ಮಾ ಉಳೀತೈತೇನ?” ಎನ್ನುತ್ತಿದ್ದಳು.

ಇಷ್ಟೆಲ್ಲಕ್ಕೂ ಬಗ್ಗದ ಹಿಮ್ಮಡಿಯ ಒಡಕಿಗೆ ಅವಳ ಕೊನೆಯ ಮದ್ದು ಮೇಣ. ಕಬ್ಬಿಣದ ಸೌಟಿನಲ್ಲಿ ಜೇನುಮೇಣ, ಕುಸುಬಿ ಎಣ್ಣೆ ಕೂಡಿಸಿ ಕರಗಿಸಿ, ಹತ್ತಿಯ ಬತ್ತಿ ಅದ್ದಿ ಒಡಕಿನೊಳಗೆ ಹನಿ ಹನಿಯಾಗಿ ಬಿಡುವುದು. ಹನಿ ಬಿದ್ದಾಗ ಚುರ್ ಅನ್ನಬೇಕು. ಅಂದರೆ ಒಳಗೆ ಹೋಯಿತೆಂದು ಅರ್ಥ. ಅನ್ನದಿದ್ದರೆ ಮೇಣ ಆರಿದೆ, ಮತ್ತೆ ಕಾಸಬೇಕು.

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ಈ ಮಾತನ್ನು ನಾನು ನಾಚಿಕೊಂಡು ಹೇಳುವುದಿಲ್ಲ. ಅಪ್ಪ ಮಾರುಕಟ್ಟೆಯಲ್ಲಿ ಹಮಾಲಿ. ನನಗಿಂತ ಮೊದಲು ಮನೆಯಲ್ಲಿ ಓದಲು ಬರುವವರೇ ಇರಲಿಲ್ಲ. ಪದವಿ ತೆಗೆದುಕೊಳ್ಳಲು ಹೊರಟ ಮುನ್ನಾದಿನ ಅತ್ತೆ ಬಂದಳು. ಎಲ್ಲರೂ ನನ್ನ ಸೀರೆ ನೋಡುತ್ತಿದ್ದರೆ ಅವಳು ನನ್ನ ಕಾಲನ್ನು ಎಳೆದು ತೊಡೆಯ ಮೇಲಿಟ್ಟುಕೊಂಡಳು.

“ನಾಳಿಂದ ಕುರ್ಚಿ ಮ್ಯಾಲ ಕೂಡೂ ಕಾಲು ಇವು. ಹಿಂಗ ಒಡದಿದ್ರ ನಿನ್ನ ಡಿಗ್ರಿ ಯಾರ ನಂಬ್ತಾರ?”

ಮೇಣ ಬಿದ್ದಾಗ ನಾನು ಚೀರಿದೆ. ಅವಳು ನಕ್ಕು, “ಚುರ್ ಅಂತಲ್ಲ? ಹೋತು ಒಳಗ,” ಅಂದಳು. ಮರುದಿನ ಸಭೆಯಲ್ಲಿ ಹೊಸ ಚಪ್ಪಲಿ ಹಾಕಿಕೊಂಡು ವೇದಿಕೆ ಹತ್ತಿದೆ. ಹಿಮ್ಮಡಿ ನೋಯಲಿಲ್ಲ.

ಮುಂದೆ ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು. ಅಂದಿನಿಂದ ಅತ್ತೆ ನನ್ನನ್ನು ಕರೆಯುತ್ತಿದ್ದುದು, ಟೀಚರಮ್ಮನನ್ನು ಕರೆಯುವ ಹಾಗೆ, ‘ಬಾಯಾರ’ ಎಂದೇ. ಅವಳಿಗೆ ಸಕ್ಕರೆ ಕಾಯಿಲೆ ಬಂದದ್ದು ಆಮೇಲೆ. ಗುಳಿಗೆ ಒಂದು ದಿನ ತೆಗೆದುಕೊಂಡರೆ ಎರಡು ದಿನ ಮರೆಯುತ್ತಿದ್ದಳು. ನಾನು ರೇಗಿದರೆ, “ಸಕ್ಕರಿ ಫ್ಯಾಕ್ಟ್ರಿ ಬಾಜೂಕ ಅದೇವಿ ಬಾಯಾರ, ಸಕ್ಕರಿ ಬರಲಾರದ ಉಪ್ಪು ಬರತೈತೇನ?” ಎಂದು ನಗಿಸಿಬಿಡುತ್ತಿದ್ದಳು.

ಹೋದ ಚಳಿಗಾಲ, ಎಳ್ಳ ಅಮಾವಾಸ್ಯೆಗೆ ಅವಳ ಊರಿಗೆ ಹೋಗಿದ್ದೆ. ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಉಂಡು ಎಲ್ಲರೂ ಮನೆಗೆ ಬಂದೆವು. ಕಟ್ಟೆಯ ಮೇಲೆ ಕೂತಾಗ ನೋಡುತ್ತೇನೆ, ಅತ್ತೆಯ ಒಂದು ಕಾಲಿನಲ್ಲಿ ಚಪ್ಪಲಿಯೇ ಇಲ್ಲ. ಎಲ್ಲಿ ಎಂದು ಕೇಳಿದರೆ ಅವಳೂ ಬಗ್ಗಿ ನೋಡಿದಳು; ಹೌದಲ್ಲ, ಎಲ್ಲಿ ಕಳಚಿತೋ ಏನೋ ಅಂದಳು. ಜಾಲಿ ಮುಳ್ಳಿನ ದಾರಿ ಅದು. ಅವಳ ಮಗ ಬಸು ನಕ್ಕ. ನನಗೆ ನಗು ಬರಲಿಲ್ಲ.

ಸಂಜೆ ಅವಳು ಒಲೆಯ ಮುಂದೆ ಸೌಟು ಹಿಡಿದು ಕೂತಿದ್ದಳು. ಮೇಣದಿಂದ ಹೊಗೆ ಏಳುತ್ತಿತ್ತು. ಬತ್ತಿಯೂ ಇಲ್ಲ, ಸೌಟನ್ನೇ ಬಗ್ಗಿಸಿ ತನ್ನ ಹಿಮ್ಮಡಿಗೆ ಸುರಿದುಕೊಂಡಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನನ್ನ ಜೊತೆ ಬದನೆಕಾಯಿ ಪಲ್ಯದ ಮಾತು ಆಡುತ್ತಲೇ ಇದ್ದಳು.

“ಅತ್ತಿ, ಸುಡವಲ್ತೇನ?”

“ಈಗಿನ ಮೇಣದಾಗ ಕಸುವು ಎಲ್ಲೈತಿ ಬಾಯಾರ? ಎರಡು ವರ್ಷ ಆತು, ಚುರ್ ಅನ್ನೂದ ಬಿಟ್ಟೈತಿ. ಅದಕ್ಕ ಜಾಸ್ತಿ ಕಾಸ್ತೇನಿ.”

ನಾನು ಅವಳ ಕಾಲನ್ನು ಎಳೆದುಕೊಂಡೆ. ಹಳೆಯ ಮೇಣದ ಮೇಲೆ ಹೊಸ ಮೇಣ, ಪದರು ಪದರಾಗಿ ಗಟ್ಟಿಯಾಗಿತ್ತು. ಅಂಚಿನಲ್ಲಿ ಉಗುರು ಹಾಕಿದೆ. ಮೇಣದ ಜೊತೆ ಚರ್ಮವೂ ಬಂತು. ಒಳಗೆ ಕಪ್ಪಗಿತ್ತು. ವಾಸನೆ ಮೂಗಿಗೆ ಬಡಿಯಿತು. ಕೀಳಬೇಕೋ ಬಿಡಬೇಕೋ ತಿಳಿಯದೆ ನನ್ನ ಕೈ ಅಲ್ಲೇ ನಿಂತುಬಿಟ್ಟಿತು. ಅತ್ತೆ ನನ್ನ ಮುಖ ನೋಡಿ, ಯಾಕ ಬೆವರಾಕತ್ತಿ ಎಂದು ಕೇಳಿದಳು.

ಬಸು ಟೆಂಪೊ ತೆಗೆದ. ಇಂಡಿಯ ದವಾಖಾನೆಯಲ್ಲಿ ನೋಡಿದವರು ಪಟ್ಟಿ ಕಟ್ಟಿ, ತಡಮಾಡದೆ ವಿಜಯಪುರಕ್ಕೆ ಒಯ್ಯಿರಿ ಅಂದರು. ದಾರಿಯುದ್ದಕ್ಕೂ ಅತ್ತೆ, ಒಡಕಿಗೆ ಯಾರಾದರೂ ದವಾಖಾನೆಗೆ ಹೋಗುತ್ತಾರೇನು, ಜನ ನಗುತ್ತಾರೆ ಎಂದು ಗೊಣಗುತ್ತಿದ್ದಳು. ಅವಳ ಮೈ ಕಾದ ಹೆಂಚಿನಂತಿತ್ತು.

ವಿಜಯಪುರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವಳಿಗೆ ಕಣ್ಣು ಮುಚ್ಚಲು ಹೇಳಿದರು. ತೆಳುವಾದ ನೈಲಾನ್ ಎಳೆಯೊಂದನ್ನು ಪಾದಕ್ಕೆ ಮುಟ್ಟಿಸುತ್ತೇನೆ, ಗೊತ್ತಾದಾಗ ಹೂಂ ಅನ್ನಿ ಅಂದರು. ಎಳೆ ಹೆಬ್ಬೆರಳಿಗೆ ಮುಟ್ಟಿತು. ಅತ್ತೆ ಸುಮ್ಮನಿದ್ದಳು. ಅಂಗಾಲಿಗೆ ಮುಟ್ಟಿತು. ಸುಮ್ಮನಿದ್ದಳು. ಕೋಣೆಯಲ್ಲಿ ಯಾರೂ ಮಾತಾಡದ್ದನ್ನು ಕೇಳಿಸಿಕೊಂಡಳೋ ಏನೋ, ಆಮೇಲೆ “ಹೂಂ” ಅಂದಳು. ಆ ಹೊತ್ತಿಗೆ ಡಾಕ್ಟರಮ್ಮ ಕೈ ಹಿಂದಕ್ಕೆ ತೆಗೆದುಕೊಂಡಾಗಿತ್ತು. “ಹೂಂ,” ಮತ್ತೆ ಅಂದಳು ಅತ್ತೆ. “ಹೂಂ. ಹೂಂ.” ಪಾದದ ಹತ್ತಿರ ಯಾರ ಕೈಯೂ ಇರಲಿಲ್ಲ.

ನರಗಳ ಪಾಠವನ್ನು ನಾನು ಪ್ರತಿವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿಕೊಡುತ್ತೇನೆ. ಸಕ್ಕರೆ ಕಾಯಿಲೆ ಅತ್ತೆಯ ಪಾದದ ನರ ತಿಂದದ್ದು ಮಾತ್ರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ವಿಷ ಮೇಲಕ್ಕೆ ಏರುತ್ತಿದೆ, ಜೀವ ಉಳಿಯಬೇಕೆಂದರೆ ಮೊಣಕಾಲ ಕೆಳಗೆ ತೆಗೆಯಬೇಕು ಎಂದರು ಡಾಕ್ಟರಮ್ಮ. ಬಸು ಹೊರಗೆ ಹೋದ. ಅತ್ತೆ ಡಾಕ್ಟರಮ್ಮನ ಕಡೆ ತಿರುಗಿದಳು. ನಮ್ಮನ್ನೆಲ್ಲ ಹೆದರಿಸಿ ಬೆಳೆಸಿದ ಆ ದೊಡ್ಡ ದನಿ ಅಲ್ಲಿ ಹುಡುಕಿದರೂ ಇರಲಿಲ್ಲ.

“ನಾ ಹೂಂ ಅಂದೆನಲ್ಲರಿ,” ಅಂದಳು.

ಮರುದಿನ ಬೆಳಿಗ್ಗೆ ಅವಳನ್ನು ಗಾಲಿ ಮಂಚದ ಮೇಲೆ ಮಲಗಿಸಿದರು. ಜ್ವರದಿಂದ ತುಟಿಗಳು ಒಣಗಿ ಬಿರಿದಿದ್ದವು. ನನ್ನನ್ನು ಹತ್ತಿರ ಕರೆದಳು.

“ಅಂಜಿಕಿ ಬರಾಕತ್ತೈತಿ. ಒಯ್ಯೂತನಾ ಆ ಕಾಲು ಹಿಡಕೊಂಡಿರು.”

ನಾನು ಎರಡೂ ಕೈಯಿಂದ ಪಾದವನ್ನು ಪಟ್ಟಿಯ ಸಮೇತ ಹಿಡಿದುಕೊಂಡೆ. ಅವಳು ಚಾವಣಿಯ ಕಡೆ ಮುಖ ಮಾಡಿ ಕಾಯುತ್ತಿದ್ದಳು. ವಾರ್ಡಿನ ಹುಡುಗಿ ಬಂದು ಗಾಲಿಯ ಬ್ರೇಕು ಬಿಟ್ಟಳು.

“ಹಿಡಿ ಅಂದ್ರ ಹಿಡೀವಲ್ಲೇನ?” ಅಂದಳು ಅತ್ತೆ.

“ಹಿಡಿದೇನಿ ಅತ್ತಿ.”

“ಸುಳ್ಳ ಹೇಳಬ್ಯಾಡ, ಮಗಳ.”

ಇನ್ನೂ ಗಟ್ಟಿಯಾಗಿ ಒತ್ತಿ ಹಿಡಿದೆ. ಅವಳು ಕಣ್ಣು ಮುಚ್ಚಿ, ಗೊತ್ತಾಗುತ್ತದೇನೋ ಎಂದು ಕಾದಳು. ಆಪರೇಷನ್ ಕೋಣೆಯ ಬಾಗಿಲವರೆಗೂ ಹಾಗೆಯೇ ಹಿಡಿದುಕೊಂಡು ನಡೆದೆ. ಅಲ್ಲಿ ಬಿಡಿ ಅಂದರು, ಬಿಟ್ಟೆ. ನಾನು ಬಿಟ್ಟದ್ದೂ ಅವಳಿಗೆ ಗೊತ್ತಾಗಲಿಲ್ಲ. ಒಳಗೆ ಹೋದ ಅತ್ತೆ ಮತ್ತೆ ಎಚ್ಚರಾಗಲಿಲ್ಲ.