ಅಣ್ಣನ ಮೊದಲ ಮಾತು

ಲಿಫ್ಟ್ ರಿಪೇರಿ ಅವಳ ಕಸುಬು. ಒಂದು ಕಡೆ ಕೂರುವ ಜೀವ ಅದಲ್ಲ. ಊಟಕ್ಕೆ ಕೂತರೂ ಕಾಲು ಅಲ್ಲಾಡುತ್ತಲೇ ಇರುತ್ತಿತ್ತು. ಅದಕ್ಕೇ ಅಣ್ಣ ಚಿಕ್ಕಂದಿನಲ್ಲೇ ಅವಳಿಗೆ ಚಡಪಡಿ ಅಂತ ಹೆಸರಿಟ್ಟಿದ್ದ. ಆ ಅಣ್ಣ ಈಗ ದೂರದ ದ್ವೀಪವೊಂದರಲ್ಲಿ ದೀಪಸ್ತಂಭ ಕಾಯುತ್ತಿದ್ದ. ಅಲ್ಲಿಗೆ ಫೋನಿಲ್ಲ, ದೋಣಿ ಹೋಗುವುದೂ ಅಪರೂಪ. ಅಣ್ಣ ತಂಗಿ ಇಬ್ಬರಿಗೂ ಹವ್ಯಾಸಿ ರೇಡಿಯೊದ ಲೈಸೆನ್ಸ್ ಇದ್ದುದರಿಂದ ಭಾನುವಾರ ಬೆಳಿಗ್ಗೆ ಗಾಳಿಯಲ್ಲೇ ಮಾತು.

ಅವಳ ದನಿ ಅಷ್ಟು ದೂರ ಮುಟ್ಟುತ್ತಿದ್ದದ್ದು ಒಂದು ಮುದಿ ಆಂಪ್ಲಿಫೈಯರ್ ದಯೆಯಿಂದ. ಮೈ ತುಂಬ ಗಾಜಿನ ವಾಲ್ವುಗಳಿದ್ದ, ಹೊರಲಾರದಷ್ಟು ಭಾರದ ಕಬ್ಬಿಣದ ಪೆಟ್ಟಿಗೆ. ದನಿಯನ್ನು ಹಿಗ್ಗಿಸಿ ಕಳಿಸುವುದಷ್ಟೇ ಅದಕ್ಕೆ ಗೊತ್ತು. ಬರುವ ದನಿಗೆ ದಾರಿ ಬಿಡುವುದು ಗೊತ್ತಿಲ್ಲ. ಹಾಗಾಗಿ ಮಾತು ಮುಗಿದ ಕೂಡಲೇ ಗೋಡೆಯ ಮೇಲಿನ ದೊಡ್ಡ ಹಿಡಿಯನ್ನು ಎಳೆದು ಆಂಟೆನಾವನ್ನು ಪೆಟ್ಟಿಗೆಯಿಂದ ಬಿಡಿಸಿ ರೇಡಿಯೊಗೆ ಕೊಡಬೇಕು. ಮತ್ತೆ ಮಾತಾಡುವಾಗ ಮೇಲೆ ತಳ್ಳಬೇಕು. ಎಳೆಯುವಷ್ಟರಲ್ಲಿ ಅಣ್ಣನ ಮೊದಲ ಮಾತುಗಳು ಹಾರಿಹೋಗಿರುತ್ತಿದ್ದವು.

ಆ ಭಾನುವಾರವೂ ಹಾಗೇ ಆಯಿತು. ಹಿಡಿ ಎಳೆದಾಗ ಕೇಳಿದ್ದು ಬಾಲ ಮಾತ್ರ: “...ಅದಕ್ಕೇ ಇನ್ಮೇಲೆ ನಾನು ಭಾನುವಾರ ಮಾತಿಗೆ ಬರಲ್ಲ ಕಣೇ. ಬೇಜಾರು ಮಾಡ್ಕೋಬೇಡ. ಓವರ್.”

ಅವಳು ಹಿಡಿ ತಳ್ಳಿ, “ಯಾಕಣ್ಣ? ಏನಾಯ್ತು? ಮತ್ತೆ ಹೇಳು!” ಎಂದು ಕೂಗಿದಳು. ಮತ್ತೆ ಎಳೆದಳು. ಬರೀ ಸೊಯ್ಯೆನ್ನುವ ಸದ್ದು.

ಹಿಂದಿನ ವಾರ ಅಣ್ಣನಿಗೆ ಮಾತಾಡಲು ಬಿಡದೆ, ಆ ಕೆಲಸ ಬಿಟ್ಟು ಬಾ ಎಂದು ತಾನೇ ಒದರಿದ್ದು ನೆನಪಾಯಿತು. ಮುನಿಸಿಕೊಂಡನೇ? ಮರುದಿನ ಲಿಫ್ಟ್ ಒಂದರ ಮೇಲೆ ನಿಂತು ಹಗ್ಗಕ್ಕೆ ಎಣ್ಣೆ ಹಚ್ಚುವಾಗಲೂ ಅದೇ ಯೋಚನೆ. ಹಚ್ಚಿದ್ದಕ್ಕೇ ಮತ್ತೆ ಹಚ್ಚಿದಳು.

ಮನೆಗೆ ಬಂದವಳೇ ಆಂಪ್ಲಿಫೈಯರಿನ ಮುಚ್ಚಳ ಬಿಚ್ಚಿದಳು. ಹೊಲಿಗೆ ಯಂತ್ರದ ಮುಂದಿದ್ದ ಗಂಡ ತಲೆ ಎತ್ತಿದ.

“ಪ್ಲಗ್ ಕಿತ್ತಿದ್ದೀಯಾ?”

“ಕಿತ್ತಿದ್ದೀನಿ ರೀ.”

“ಕಿತ್ತ ಮೇಲೂ ಅದರ ಹೊಟ್ಟೇಲಿ ಕರೆಂಟ್ ಉಳಿದಿರತ್ತೆ ಅಂತ ನೀನೇ ಹೇಳಿದ್ದೆ. ಕೈ ಹಾಕೋಕೆ ಮುಂಚೆ ಸ್ವಲ್ಪ ತಾಳ್ಮೆ ಇರ್ಲಿ. ಉಂಗುರಾನೂ ತೆಗಿ.”

ತಾಳ್ಮೆಯೇ ಅವಳಲ್ಲಿ ಇಲ್ಲದ್ದು. ಆದರೂ ಉಂಗುರ ತೆಗೆದು, ಕಾದು, ಒಣಕೋಲಿಗೆ ಕಟ್ಟಿದ ತಂತಿಯಿಂದ ಕೆಪಾಸಿಟರುಗಳಲ್ಲಿ ಉಳಿದಿದ್ದ ಕರೆಂಟನ್ನೆಲ್ಲ ನೆಲಕ್ಕೆ ಇಳಿಸಿದಳು. ಆಮೇಲೆ, ಕರೆಂಟ್ ಕೊಟ್ಟರೆ ತಾವಾಗಿ ದಾರಿ ಬದಲಿಸುವ ಎರಡು ಸ್ವಿಚ್ಚು, ಅಂದರೆ ರಿಲೇ, ಕೂರಿಸಿದಳು. ಒಂದು, ರೇಡಿಯೊದಿಂದ ಹೊರಡುವ ತನ್ನ ದನಿಯನ್ನು ಪೆಟ್ಟಿಗೆಯೊಳಕ್ಕೆ ತಿರುಗಿಸುವುದು. ಇನ್ನೊಂದು, ಹಿಗ್ಗಿದ ದನಿಯನ್ನು ಆಂಟೆನಾಗೆ ಕೊಡುವುದು. ಮೈಕಿನ ಗುಂಡಿ ಒತ್ತಿದರೆ ಎರಡೂ ಕೂಡಬೇಕು, ಬಿಟ್ಟರೆ ಎರಡೂ ಹಿಂದಕ್ಕೆ ಬಂದು, ಆಂಟೆನಾ ಸೀದಾ ರೇಡಿಯೊಗೆ ಸೇರಬೇಕು. ಗೋಡೆಯ ಹಿಡಿಯ ಹಂಗೇ ಬೇಡ.

ಮುಚ್ಚಳ ಹಾಕಿ ಗುಂಡಿ ಒತ್ತಿದಳು. ಪೆಟ್ಟಿಗೆಯ ಜಾಲರಿಯೊಳಗೆ ಚಟ್ ಎಂದು ನೀಲಿ ಕಿಡಿ. ಸುಟ್ಟ ವಾಸನೆ.

“ಮನೆ ಸುಡ್ತೀಯೇನೇ?” ಗಂಡ ಕತ್ತರಿ ಹಿಡಿದೇ ಎದ್ದು ಬಂದ.

ಅವಳು ಪ್ಲಗ್ ಕಿತ್ತು, ಮತ್ತೆ ಕಾದು, ರಿಲೇ ನೋಡಿದಳು. ಆಂಟೆನಾ ಕಡೆಯ ರಿಲೇ ದೊಡ್ಡದು, ನಿಧಾನ. ಅದು ಪೂರ್ತಿ ಕೂಡುವ ಮೊದಲೇ ಚಿಕ್ಕದು ದನಿಯನ್ನು ಒಳಗೆ ಬಿಟ್ಟಿತ್ತು. ದಾರಿ ಇಲ್ಲದ ಶಕ್ತಿ ಅಲ್ಲೇ ಕಿಡಿಯಾಗಿ ಹಾರಿತ್ತು.

ಹೊರಗೆ ಹೋಗಿ ಬೀದಿಯಲ್ಲಿ ಆ ತುದಿಯಿಂದ ಈ ತುದಿಗೆ ಶತಪಥ ಹಾಕಿದಳು. ಸರಕ್ಕನೆ ನಿಂತು ತನ್ನ ತಲೆಗೆ ತಾನೇ ಮೊಟಕಿಕೊಂಡಳು. ದಿನವೂ ಮಾಡುವ ಕೆಲಸವೇ ಅಲ್ಲವೆ ಇದು! ಬಾಗಿಲು ಮುಚ್ಚುವ ತನಕ ಲಿಫ್ಟಿನ ಮೋಟಾರಿಗೆ ಕರೆಂಟ್ ಹೋಗುವುದಿಲ್ಲ. ಬಾಗಿಲ ಬಳಿಯ ಸಂಪರ್ಕ ಕೂಡಿದರೆ ಮಾತ್ರ ಮುಂದಿನ ಹೆಜ್ಜೆ. ಒಳಗೆ ಬಂದು ದೊಡ್ಡ ರಿಲೇಯಲ್ಲಿ ಖಾಲಿ ಇದ್ದ ಸಂಪರ್ಕದ ಜೋಡಿಯ ಮೂಲಕವೇ ಚಿಕ್ಕದಕ್ಕೆ ಕರೆಂಟ್ ಹೋಗುವಂತೆ ತಂತಿ ಎಳೆದು, ಸುಟ್ಟ ತುದಿಗಳನ್ನು ಉಜ್ಜಿ ಹೊಳೆಯಿಸಿದಳು. ಈಗ ಆಂಟೆನಾ ಕೂಡದೆ ದನಿ ಒಳಗೆ ಬರುವಂತಿಲ್ಲ. ಗುಂಡಿ ಒತ್ತಿದಾಗ ಒಂದರ ಬೆನ್ನಿಗೆ ಒಂದು ಟಿಕ್ ಟಿಕ್ ಎಂದಿತು. ಕಿಡಿ ಇಲ್ಲ.

ಭಾನುವಾರ ಬೆಳಕು ಹರಿಯುವ ಮುಂಚೆಯೇ ರೇಡಿಯೊ ಮುಂದೆ ಕೂತಳು. ಎದ್ದಳು. ಮತ್ತೆ ಕೂತಳು. ಹೊತ್ತಾದ ಮೇಲೆ ಗುಂಡಿ ಒತ್ತಿ ಕರೆದಳು: “ಅಣ್ಣ, ಬೈದಿದ್ದು ತಪ್ಪಾಯ್ತು. ಇದ್ದೀಯಾ? ಓವರ್.”

ಬೆರಳು ತೆಗೆದದ್ದೇ ತಡ, ಅಣ್ಣನ ದನಿ ಮೊದಲ ಅಕ್ಷರದಿಂದಲೇ ಬಂತು.

“ಚಡಪಡಿ, ನೀನೇ ಅಂತ ಗೊತ್ತಾಯ್ತು. ಬರಲ್ಲ ಅಂದ್ರೂ ರೇಡಿಯೊ ಹಚ್ಚಿಟ್ಟಿದ್ದೆ, ಅದರ ಮೀಟರಿನ ಮುಳ್ಳು ಕುಣೀತು. ಆದ್ರೆ ನೀನು ಏನಂದೆ ಅಂತ ತಿಳೀಲಿಲ್ಲ. ಹೋದ ವಾರಾನೇ ಹೇಳಿದ್ನಲ್ಲ, ನನ್ನ ಕಿವಿ ಹೋಗ್ತಾ ಇದೆ. ಮಾತು ಬರೀ ಗೊಜಗೊಜ ಅನ್ಸತ್ತೆ. ಸುಮ್ನೆ ಯಾಕೆ ಕಾಯ್ತೀಯಾ? ಓವರ್.”

ಅವಳ ಕೈ ಗುಂಡಿಯ ಮೇಲೇ ನಿಂತಿತು. ಮಾತಾಡಿ ಏನು ಫಲ?

ಗಂಡ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. “ಲೈಸೆನ್ಸ್ ಪರೀಕ್ಷೆಗೆ ಟಕ ಟಕ ಅಂತ ಕುಟ್ಟಿ ನನ್ನ ತಲೆ ತಿಂತಿದ್ದೆಯಲ್ಲ, ಅದೆಲ್ಲಿ?” ಎಂದ.

ಮೋರ್ಸ್ ಕೀ! ಅಕ್ಷರಗಳನ್ನು ಚುಕ್ಕೆ ಗೆರೆಗಳಾಗಿ ಕುಟ್ಟುವ ಆ ಕೀ ಟ್ರಂಕಿನ ತಳದಲ್ಲಿತ್ತು. ತಂತಿ ಸಿಕ್ಕಿಸಿ, ಲೈಸೆನ್ಸಿನಲ್ಲಿದ್ದ ಅಣ್ಣನ ಕರೆಸಂಕೇತವನ್ನು ಕುಟ್ಟಿ, ಬಿಟ್ಟಳು. ಆ ಕಡೆ ಸದ್ದಿಲ್ಲ. ಮತ್ತೆ ಕುಟ್ಟಿದಳು.

ಬಹಳ ಹೊತ್ತಾದ ಮೇಲೆ ಅಣ್ಣನ ಕೀಯಿಂದ ಉತ್ತರ ಬಂತು, ಒಂದೊಂದೇ ಅಕ್ಷರವಾಗಿ. ಅವಳು ಹಳೆಯ ಪೇಪರಿನ ಅಂಚಿನಲ್ಲಿ ಬರೆದುಕೊಂಡು ಗಂಡನಿಗೆ ಓದಿ ಹೇಳಿದಳು: “ಸ್ಪೀಕರ್ ಮೇಲೆ ಅಂಗೈ ಇಟ್ಟಿದ್ದೀನಿ. ತಿಳೀತಿದೆ. ನಿಧಾನವಾಗಿ ಕುಟ್ಟು.”

ಆ ವರ್ಷವೇ ಅಣ್ಣ ದೀಪಸ್ತಂಭ ಬಿಟ್ಟ. ಇವರ ಮನೆಯಲ್ಲಿ ಇರಲು ಒಪ್ಪದೆ, ದೂರದ ಬಂದರಿನಲ್ಲಿ ಕೋಣೆ ಹಿಡಿದ. ಕಿವಿ ಪೂರ್ತಿ ಹೋಯಿತು, ಭಾನುವಾರ ತಪ್ಪಲಿಲ್ಲ. ಅವಳು ಈಗಲೂ ಅವಸರದಲ್ಲಿ ಅಕ್ಷರ ನುಂಗುತ್ತಾಳೆ. ಅವನು ಮತ್ತೆ ಹೇಳು ಎಂದು ಕುಟ್ಟುತ್ತಾನೆ. ಉತ್ತರ ಬರುವವರೆಗೆ ಅವಳು ಕುರ್ಚಿಯ ಅಂಚಿನಲ್ಲೇ ಕೂತಿರುತ್ತಾಳೆ.