ಫ್ಲಾಪಿಯಲ್ಲಿ ಸಿಕ್ಕಿಕೊಂಡ ಜೋಗುಳ

ತೊಂಬತ್ತರ ದಶಕದ ಕೊನೆಯ ವರ್ಷಗಳು. ಶಿಡ್ಲಘಟ್ಟದ ಕಂಪ್ಯೂಟರ್ ಸೆಂಟರಿನ ಕಿಟಕಿಯಿಂದ ರೇಷ್ಮೆಗೂಡು ಬೇಯುವ ವಾಸನೆ ತೇಲಿ ಬರುತ್ತಿತ್ತು. ಕಪ್ಪು ಸ್ಕ್ರೀನಿನಲ್ಲಿ ಬಿಳಿ ಅಕ್ಷರಗಳು ಮಿಣುಕುತ್ತಿದ್ದವು. ಈಗ ನೆನೆದರೆ ಆ ಮಧ್ಯಾಹ್ನವೆಲ್ಲ ಒಂದು ಸ್ಲೋ ಡ್ರೀಮ್.

ಪಕ್ಕದಲ್ಲಿ ನನ್ನ ಕಾನ್ವೆಂಟ್ ದಿನಗಳ ಗೆಳತಿ ಕೂತಿದ್ದಳು. ಹಿಂದಿನ ವರ್ಷ ಅದೇ ಸೆಂಟರಿನಲ್ಲಿ ಕಂಪ್ಯೂಟರ್ ಕಲಿಯುತ್ತ, ತೀರಿಹೋದ ತಾಯಿಯ ತೆಲುಗು ಜೋಗುಳಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಫ್ಲಾಪಿಯಲ್ಲಿಟ್ಟಿದ್ದಳು. ಹತ್ತು ಜನ ಮುಟ್ಟುವ ಮೆಷಿನ್ ಎಂದು ಪಾಸ್‌ವರ್ಡ್ ಬೇರೆ ಹಾಕಿದ್ದಳು. ಆಮೇಲೆ ಅವಳಿಗೊಂದು ಮೈಲ್ಡ್ ಸ್ಟ್ರೋಕ್. ಮಾತು ಮರಳಿತು, ರಾಗಗಳೂ ಉಳಿದವು; ಹಾಡಿನ ಪದಗಳು ಹೋದವು, ಪಾಸ್‌ವರ್ಡೂ ಹೋಯಿತು. ಆ ಹಾಡುಗಳು ಬೇರೆಲ್ಲೂ ಇರಲಿಲ್ಲ.

ಸೆಂಟರಿನ ಸರ್ ಡಾಸ್‌ನಲ್ಲಿ ಒಂದು ಪ್ರೋಗ್ರಾಮ್ ಓಡಿಸಿದರು. ನಾವು ಕೊಟ್ಟ ಪದಗಳನ್ನು ಅದು ಬೀಗದ ಕೈಗಳಂತೆ ಒಂದೊಂದಾಗಿ ಹಾಕಿ ನೋಡುತ್ತಿತ್ತು.

“ಮನೇವ್ರ ಹೆಸರು ಹೇಳಿ ಮೇಡಂ. ಎಲ್ರೂ ಅದನ್ನೇ ಇಡೋದು,” ಎಂದರು.

ಮಕ್ಕಳು, ಮನೆದೇವರು, ಸಾಕಿದ ಬೆಕ್ಕು ಎಲ್ಲ ಆಯಿತು. ಗಂಡನ ಹೆಸರನ್ನು ಮಾತ್ರ ಅವಳು ನನ್ನಿಂದ ಹೇಳಿಸಿದಳು. ಪ್ರತಿ ಸಲವೂ ನಾಟ್ ಫೌಂಡ್.

“ನಿನ್ನ ಹೆಸರೇ ಇಟ್ಟಿರ್ತೀಯ ಕಣೇ, ಜಂಭದವಳು,” ಎಂದೆ.

“ಅದನ್ನೂ ಹಾಕಿ ಆಯ್ತಲ್ಲೇ. ನನ್ನ ತಲೆಗಿಂತ ಈ ಡಬ್ಬಾನೇ ವಾಸಿ. ಇಲ್ಲ ಅಂತಾದ್ರೂ ಹೇಳತ್ತೆ.”

ಹಾಕಿದ್ದು ಯಾವ ಹೆಸರು? ಆಗ ಹೊಳೆಯಿತು. ಮದುವೆಯ ದಿನವೇ ಸೊಸೆಯ ಹೆಸರು ಬದಲಾಯಿಸುವುದು ಅವಳ ಗಂಡನ ಮನೆಯ ಪದ್ಧತಿ. ಚಿಂತಾಮಣಿಯ ಛತ್ರದಲ್ಲಿ, ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆದದ್ದನ್ನು ನಾನೇ ನಿಂತು ನೋಡಿದ್ದೆ. ಅಂದಿನಿಂದ ರೇಷನ್ ಕಾರ್ಡಿನಲ್ಲೂ ಜನರ ಬಾಯಲ್ಲೂ ಅದೇ. ಹೊಸದು ನಾಲಿಗೆಗೆ ಹತ್ತದೆ, ಹಳೆಯದರಿಂದ ಕರೆಯಲಾರದೆ, ನಾನು ‘ಲೇ’, ‘ಕಣೇ’ ಎಂದೇ ಸುಧಾರಿಸಿಕೊಂಡು ಬಂದಿದ್ದೆ.

ಸರ್ ಕಿವಿಯಲ್ಲಿ ಆ ಹಳೆಯ ಹೆಸರು ಹೇಳಿದೆ. ಕೀಬೋರ್ಡ್ ಟಕಟಕ ಎಂದಿತು. ಫೈಲ್ ತೆರೆದುಕೊಂಡಿತು!

“ಯಾರಮ್ಮಾ ಇದು?” ಎಂದು ಸರ್ ಆ ಹೆಸರನ್ನು ಗಟ್ಟಿಯಾಗಿ ಓದಿದರು.

“ಆಂ?” ಎಂದು ಓಗೊಟ್ಟಳು ಗೆಳತಿ, ಕಾನ್ವೆಂಟಿನ ಕಾರಿಡಾರಿನಲ್ಲಿ ಯಾರೋ ಕರೆದಂತೆ.

ಆಮೇಲೆ ಸ್ಕ್ರೀನಿಗೆ ಮುಖ ಹತ್ತಿರ ತಂದು, ಸಾಲಿನ ಮೇಲೆ ಬೆರಳಾಡಿಸುತ್ತ, ಸಣ್ಣಗೆ ಹಾಡತೊಡಗಿದಳು. ನಡುವೆ ಒಂದು ಕಡೆ ನಿಂತು ನಕ್ಕಳು.

“ಅಮ್ಮ ಇಲ್ಲಿ ಯಾವಾಗ್ಲೂ ತಪ್ಪು ಹಾಡ್ತಿದ್ಲು ಕಣೇ. ಅದನ್ನೂ ಹಾಗೇ ಇಟ್ಟಿದೀನಿ, ನೋಡು.”